ಜೋಪಾನದ ರಸೀದಿಗಳು

"ಎರಡು ವರ್ಷದಿಂದ ನೀವು ಮೇಂಟೆನೆನ್ಸ್ ಕಟ್ಟಿಲ್ರಿ. ಇವತ್ತ ಸಂಜಿಯೊಳಗ ಕಟ್ಟದಿದ್ರ ನಿಮ್ಮ ಮನಿ ನೀರು ಬಂದ್," ಎಂದಳು ಸುಧಾರಾಣಿ. ಅಪಾರ್ಟ್‌ಮೆಂಟ್ ಸಂಘಕ್ಕೆ ಆಕೆ ಹೊಸ ಕಾರ್ಯದರ್ಶಿ.

ಬಸವಪ್ರಸಾದ ಕೆಂಡವಾದ. ಮರುದಿನ ಮಗಳನ್ನು ನೋಡಲು ನರಗುಂದದಿಂದ ಗಂಡಿನವರು ಬರುವವರಿದ್ದರು. ಕೈಕಾಲು ತೊಳೆಯಲು ನೀರಿಲ್ಲದ ಮನೆಯಿಂದ ಯಾರು ಹೆಣ್ಣು ತಂದಾರು? ಅದೂ ಹೋಗಲಿ, ಗಜೇಂದ್ರಗಡದ ಸೀರೆ ಪೇಟೆಯಲ್ಲಿ ಯಾರಿಗೂ ಬಾಕಿ ಉಳಿಸದ ತನಗೆ ಈ ಮಾತೇ!

ಆತ ರಸೀದಿಯ ಭಕ್ತ. ತಿಂಗಳ ಹಣ ಕಟ್ಟಿದ ಕೂಡಲೇ ರಸೀದಿಗೆ ಪ್ಲಾಸ್ಟಿಕ್ ಹೊದಿಸಿ, ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಡುತ್ತಿದ್ದ. ಶಾಸ್ತ್ರಿಗಳ ಮಾತಿಗಂತೂ ಎದುರಾಡಿದವನಲ್ಲ. ಅವರು ಹೇಳಿದರೆಂದು ಅಡುಗೆ ಒಲೆ ತಿರುಗಿಸಿದ್ದ, ಎರಡು ವರ್ಷದ ಹಿಂದೆ, ಎಂಟು ಶನಿಯ ಸಂಖ್ಯೆಯೆಂದು ಬಾಗಿಲ ಮೇಲಿನ ಎಂಟನ್ನು ಅಳಿಸಿ ಒಂಬತ್ತು ಬರೆಸಿದ್ದ. ಇಷ್ಟೆಲ್ಲ ಮಾಡಿದವನಿಗೆ ಕೇಡು ಬರುವುದುಂಟೆ?

ರಸೀದಿ ಇಡದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮೇಲಿನ ಮಹಡಿಯ ಹೇಮಪ್ಪನಂತೂ ಹಣ ಕಟ್ಟಿದ್ದನ್ನೇ ಯಾರೂ ಕಂಡಿರಲಿಲ್ಲ. ಆದರೂ ತಿಂಗಳಿಗೊಮ್ಮೆ ಮೆಟ್ಟಿಲ ಮೇಲೆ ಅಡ್ಡ ನಿಂತು ವಿಚಾರಿಸುತ್ತಿದ್ದ.

"ಅಣ್ಣಾರ, ಈ ತಿಂಗಳದ್ದು ಕಟ್ಟಿದ್ರಿಲ್ಲೋ? ರಸೀದಿ ಜೋಪಾನ ಇಡ್ರಿ ಮತ್ತ."

"ನನ್ನ ನೋಡಿ ಕಲಿಯೋ ತಮ್ಮಾ," ಎಂದು ಬಸವಪ್ರಸಾದ ಬೀಗುತ್ತಿದ್ದ.

ಈಗ ಅದೇ ರಸೀದಿಗಳ ಗಂಟು ತಂದು ಸಂಘದ ಮೇಜಿನ ಮೇಲೆ ಸುರಿದ.

"ನೋಡ್ರಿ! ಒಂದು ತಿಂಗಳ ತಪ್ಪಿದ್ರ ಮೀಸಿ ಬೋಳಸ್ತೀನಿ. ಕಟ್ಟದಂವ ಅಲ್ಲಿ ನಿಂತಾನ. ಅವನ ಮನಿ ನೀರು ಬಂದ್ ಮಾಡ್ರಿ!"

ನೆರೆದವರೆಲ್ಲ ಹೇಮಪ್ಪನ ಕಡೆ ತಿರುಗಿದರು. ಪಾಪ, ಹೇಮಪ್ಪ ತಲೆ ತಗ್ಗಿಸಿದ.

ಸುಧಾರಾಣಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಸಹಿ ಸರಿ, ಮೊಹರು ಸರಿ. ಬಸವಪ್ರಸಾದ ಮೀಸೆ ತಿರುವಿದ.

"ಎಲ್ಲಾ ಬರೋಬ್ಬರಿ ಅದಾವ್ರಿ," ಎಂದಳು ಆಕೆ. "ಆದ್ರ ಎಲ್ಲಾದ್ರಾಗೂ ಒಂಬತ್ತನೇ ಮನಿ ಅಂತ ಬರಸೀರಿ. ಬಾಗಲಾ ಬದಲಿ ಮಾಡಿದ್ರ ಸಂಘದಾಗ ಬದಲಿ ಆಗತೈತೇನ್ರಿ? ನಿಮ್ಮದು ಇನ್ನೂ ಎಂಟ. ಒಂಬತ್ತು ಹೇಮಪ್ಪಾರದು."

ಹೇಮಪ್ಪ ಮುಂದೆ ಬಂದು ರಸೀದಿಗಳನ್ನೆಲ್ಲ ಕೂಡಿಸಿ ಬಗಲಿಗಿಟ್ಟುಕೊಂಡ.

"ಭಾಳ ಉಪಕಾರಾತ್ರಿ ಅಣ್ಣಾರ. ನಾಳೆ ಗಂಡಿನವರು ಬಂದ್ರ ನಮ್ಮ ಮನಿಂದ ಎರಡು ಕೊಡ ನೀರು ಒಯ್ರಿ."