ದೀಪದ ಕೋಣೆ

ಆ ಕಾಲದ ಕಲಬುರಗಿಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಸೂರ್ಯ ಮೂಡುತ್ತಲೇ ಇರಲಿಲ್ಲ; ಆ ನಾಲ್ಕು ತಿಂಗಳು ಯಾರ ಸಿಟ್ಟಿಗೂ ಬೆಲೆಯಿರಲಿಲ್ಲ. ಯಾರು ಕೂಗಾಡಿದರೂ ಅದು ಕತ್ತಲೆಯ ಕಾಟವೆಂದು ಜನ ಸುಮ್ಮನಾಗುತ್ತಿದ್ದರು. ಬೇಳೆ ಮಿಲ್ಲಿನಲ್ಲಂತೂ ಸಿಡುಕಿದ ಹೆಂಗಸರನ್ನು ಬಿಸಿಲಿನಂಥ ಬೆಳಕಿನ ಮುಂದೆ ಕೂರಿಸಿ ತಣ್ಣಗಾಗಿಸಲೆಂದೇ ಒಂದು ದೀಪದ ಕೋಣೆ ಇತ್ತು.

ಹಿಂದಿನ ದಿನ ಮಿಲ್ಲಿನ ಕೆಲಸದ ಹಸೀನಾಳ ಕೈ ಯಂತ್ರದ ತಿರುಗುವ ಪಟ್ಟಾಕ್ಕೆ ಸಿಕ್ಕಿ ಬೆರಳುಗಳು ಹೋಗಿದ್ದವು.

"ಕೈ ಸಿಗದಂಗ ಪಟ್ಟಾಕ್ಕ ಜಾಳಗಿ ಮುಚ್ಚೋತನಕ ಮಶೀನ್ ಚಾಲೂ ಮಾಡಬ್ಯಾಡ್ರಿ!" ಎಂದು ಅವಳ ಜೊತೆ ಕೆಲಸ ಮಾಡುವ ಸುಗಲಾಬಾಯಿ ಮ್ಯಾನೇಜರ್ ವಿಠ್ಠಲರಾಯರ ಮುಂದೆ ಕಿರುಚಿದಳು.

ರಾಯರು ನಕ್ಕರು. "ಯವ್ವಾ, ಇದು ನೀ ಮಾತಾಡ್ಲಿಕತ್ತಿಲ್ಲ, ಕತ್ತಲಿ ಮಾತಾಡ್ಲಿಕತ್ತದ. ಹೋಗಿ ದೀಪದ ಮುಂದ ಕೂಡು. ನಿನ್ನ ಗೆಳತ್ಯಾರನ್ನೂ ಕರಕೊಂಡು ಹೋಗು."

ಹೆಂಗಸರು ಸಾಲಾಗಿ ಕೂತರು. ಬಿಳಿ ಬೆಳಕು ಮುಖಕ್ಕೆ ಬಿದ್ದ ಸ್ವಲ್ಪ ಹೊತ್ತಿಗೆ, ವಾರಗಟ್ಟಲೆ ಹಸಿ ಗೋಣಿಯಂತೆ ಬಿದ್ದಿದ್ದ ಮೈಗೆ ಕಸುವು ಬಂತು. ಹಸೀನಾ ಚೀರಿದಾಗಲೂ ತಾವೆಲ್ಲ ತಲೆ ತಗ್ಗಿಸಿ ಜರಡಿ ಹಿಡಿಯುತ್ತಲೇ ಇದ್ದದ್ದು ಸುಗಲಾಬಾಯಿಗೆ ಈಗ ನೆನಪಾಯಿತು. ಕತ್ತಲೆ ತಂದದ್ದು ಸಿಟ್ಟನ್ನಲ್ಲ, ಹಾಗೆ ತಲೆ ತಗ್ಗಿಸುವ ಮಂಪರನ್ನು. ಅವಳಿಗೆ ನಾಚಿಕೆಯಾಯಿತು, ಆಮೇಲೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು.

"ಏನವ್ವಾ, ಸಿಟ್ಟು ಇಳೀತೇನು?" ಕೋಣೆಯಿಂದ ಹೊರಗೆ ಬಂದವಳನ್ನು ರಾಯರು ಕೇಳಿದರು.

"ನಿದ್ದಿ ಇಳೀತ್ರಿ," ಎಂದವಳೇ ಅವಳು ಹೋಗಿ ಸ್ವಿಚ್ಚು ಇಳಿಸಿ ಯಂತ್ರ ನಿಲ್ಲಿಸಿದಳು. ಉಳಿದವರು ಅದರ ಸುತ್ತ ಕೂತರು. "ಚಾಲೂ ಮಾಡವ್ರು ನಮ್ಮನ್ನ ದಾಟಿ ಬರ್ರಿ."

ಇನ್ನುಳಿದವರೂ ಎಚ್ಚರಾಗುವ ಮೊದಲೇ ದೀಪದ ಕೋಣೆಗೆ ಬೀಗ ಹಾಕಲು ರಾಯರು ಓಡಿದರು. ಗೋದಾಮಿನ ಹೆಂಗಸರು ಆಗಲೇ ಒಳಗೆ ಕೂತಿದ್ದರು.