ಎಡಬದಿ

“ನಾನು ಕಲ್ಲು ಬಿಸಾಡಿದ್ದು ಬಸ್ಸಿಗೆ. ಇವರಿಗಲ್ಲ,” ಎಂದಳು ವಿಸ್ಮಿತಾ. ಮೇಜಿನ ಕೆಳಗೆ ಅವಳ ಮೊಣಕಾಲು ಒಂದೇ ಸಮನೆ ಅಲುಗುತ್ತಿತ್ತು. ಎದುರಿಗೆ ಮುಂಡಾಜೆಯ ಸೇಸಮ್ಮ ಕೂತಿದ್ದರು. ಅವರ ಎಡಗಣ್ಣಿನ ರೆಪ್ಪೆ ಮುಚ್ಚಿಕೊಂಡೇ ಇತ್ತು. ಇಬ್ಬರನ್ನೂ ಮುಖಾಮುಖಿ ಕೂರಿಸಿದ್ದು ಬಾಲನ್ಯಾಯ ಮಂಡಳಿಯ ಕಡೆಯಿಂದ ಬಂದ ಅಧಿಕಾರಿ ಶಶಿಪ್ರಭಾ.

ನಡೆದದ್ದರ ಬಗ್ಗೆ ತಕರಾರಿರಲಿಲ್ಲ. ಪಾಸಿನ ಮಕ್ಕಳು ನಿಂತಿದ್ದರೆ ಬೆಳಗಿನ ಆ ಬಸ್ಸು ನಿಲ್ಲುತ್ತಿರಲಿಲ್ಲ. ಮೂರನೆಯ ದಿನವೂ ಹಾಗೇ ಹೋಯಿತು. ಅಂದು ವಿಸ್ಮಿತಾಳಿಗೆ ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆ. ರಸ್ತೆ ಬದಿಯ ಜಲ್ಲಿಕಲ್ಲೊಂದನ್ನು ಎತ್ತಿ ಬೀಸಿದಳು. ಕಿಟಕಿಯ ಗಾಜು ಪುಡಿಯಾಗಿ ಒಂದು ಚೂರು ಸೇಸಮ್ಮನ ಕಣ್ಣಿಗೆ ಹೊಕ್ಕಿತು.

“ಬಸ್ ನಿಲ್ಲಿಸದೆ ಹೋದದ್ದು ತಪ್ಪೇ. ನಾನೂ ಡ್ರೈವರಿಗೆ ಅದನ್ನೇ ಹೇಳ್ತಾ ಇದ್ದೆ,” ಎಂದರು ಸೇಸಮ್ಮ. “ಅಷ್ಟರಲ್ಲಿ ಕಲ್ಲು ಬಂತು.”

ವಿಸ್ಮಿತಾಳ ಮೊಣಕಾಲು ಒಂದು ಗಳಿಗೆ ನಿಂತು ಮತ್ತೆ ಅಲುಗತೊಡಗಿತು. ಇವಳಿಂದ ಏನಾಗಬೇಕು ಎಂದು ಶಶಿಪ್ರಭಾ ಸೇಸಮ್ಮನನ್ನು ಕೇಳಿದರು. “ಕಾಲಿಗೆ ಬೀಳುವುದೆಲ್ಲ ಬೇಡ. ಕಾಡಲ್ಲಿ ಪುನರ್ಪುಳಿ ಹಣ್ಣಾಗುವ ಸಮಯ, ಕೊಯ್ದು ಮಾರ್ಬೇಕು. ಒಂದು ಕಣ್ಣಲ್ಲಿ ಒಬ್ಬಳೇ ಕಾಡಿಗೆ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ. ಹಣ್ಣು ಮುಗಿಯುವವರೆಗೆ ಆದಿತ್ಯವಾರ ನನ್ನೊಟ್ಟಿಗೆ ಬರ್ಲಿ.” ಕೇಸಿಗಿಂತ ಕಾಡು ವಾಸಿ ಎಂದು ವಿಸ್ಮಿತಾ ತಲೆಯಾಡಿಸಿದಳು.

ಮೊದಲ ಭಾನುವಾರ ಅವಳು ಗೋಣಿ ಹೆಗಲಿಗೆ ಹಾಕಿಕೊಂಡು ಸರಸರನೆ ಮುಂದೆ ನಡೆದುಬಿಟ್ಟಳು. ಸೇಸಮ್ಮ ಕರೆಯಲೂ ಇಲ್ಲ, ಬಯ್ಯಲೂ ಇಲ್ಲ. ದಾರಿಯಲ್ಲೇ ಒಂದು ಬೇರಿನ ಮೇಲೆ ಕೂತರು. ಅರ್ಧ ಗಂಟೆಯ ಮೇಲೆ ಹುಡುಗಿ ತಾನೇ ಹಿಂದಿರುಗಬೇಕಾಯಿತು. ಎರಡನೆಯ ಭಾನುವಾರ ನೊಣಗಳ ಮೇಲೆ ಸಿಟ್ಟು, ನೆಟ್‌ವರ್ಕ್ ಇಲ್ಲದ ಮೊಬೈಲಿನ ಮೇಲೆ ಸಿಟ್ಟು, ಮುದುಕಿಯ ನಿಧಾನದ ಮೇಲೆ ಸಿಟ್ಟು. ಅಂದೇ ಅವಳು ಒಂದು ಸಂಗತಿ ಕಂಡಳು. ಕೆಂಪು ಹಣ್ಣಿಗೆಂದು ಸೇಸಮ್ಮ ಚಾಚಿದ ಕೈ, ಹಣ್ಣಿಗಿಂತ ಎರಡು ಬೆರಳು ಈಚೆಗೆ ಗಾಳಿಯನ್ನು ಹಿಡಿಯಿತು. ಮತ್ತೊಮ್ಮೆ ಚಾಚಿದರು. ಮತ್ತೆ ಗಾಳಿ. ವಿಸ್ಮಿತಾ ಮುಖ ತಿರುಗಿಸಿಕೊಂಡಳು. ಆ ವಾರವಿಡೀ ಊಟಕ್ಕೆ ಕೂತಾಗಲೂ ಆ ಕೈಯೇ ಕಣ್ಣೆದುರು ಬರುತ್ತಿತ್ತು.

ಮೂರನೆಯ ಭಾನುವಾರ, ಗೋಣಿ ತುಂಬಿಸಿ ಇಳಿಯುವಾಗ ಸೇಸಮ್ಮ ಮುಂದೆ, ಅವಳು ಹಿಂದೆ. “ಇನ್ನೆಷ್ಟು ವಾರ ಉಂಟು ಇದು?” ಎಂದು ಕೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಎಡಗಡೆ, ಬಿದಿರ ಮೆಳೆಯ ಪಕ್ಕದಲ್ಲಿ ಒಂಟಿ ಕಾಡುಕೋಣ. ತಲೆ ತಗ್ಗಿಸಿ ಇವರನ್ನೇ ನೋಡುತ್ತಿತ್ತು. ಸೇಸಮ್ಮ ಏನೂ ಕಾಣದೆ ಅದರತ್ತಲೇ ಇನ್ನೊಂದು ಹೆಜ್ಜೆ ಇಟ್ಟರು.

ಕೂಗಿದರೆ ಅದು ನುಗ್ಗುತ್ತದೆ. ಓಡಲು ಅವಳ ಕಾಲುಗಳು ಚಡಪಡಿಸುತ್ತಿದ್ದವು. ಆದರೂ ಗೋಣಿಯನ್ನು ಸದ್ದಾಗದಂತೆ ಇಳಿಸಿ, ಸೇಸಮ್ಮನಿಗೂ ಮೃಗಕ್ಕೂ ನಡುವೆ ಬಂದು, ಅವರ ತೋಳು ಹಿಡಿದಳು. “ನಿಲ್ಲಿ. ಕಾಟಿ,” ಎಂದು ಉಸುರಿದಳು. ಇಬ್ಬರೂ ಅಲ್ಲಾಡಲಿಲ್ಲ. ಕೋಣ ಒಮ್ಮೆ ಬುಸುಗುಟ್ಟಿತು. ಎಷ್ಟೋ ಹೊತ್ತಿನ ಮೇಲೆ ಬಿದಿರು ಮುರಿಯುವ ಸದ್ದು ಮಾಡುತ್ತಾ ಕಣಿವೆಗೆ ಇಳಿದುಹೋಯಿತು.

“ಎಷ್ಟು ದೂರ ಇತ್ತು?” ಎಂದು ಕೇಳಿದರು ಸೇಸಮ್ಮ.

“ರಸ್ತೆಯ ಅಗಲದಷ್ಟು.”

“ಅಷ್ಟು ಹತ್ತಿರವಾ? ನನಗೆ ಕಾಣ್ಲೇ ಇಲ್ಲ.”

ವಿಸ್ಮಿತಾ ಅವರ ತೋಳು ಬಿಡಲಿಲ್ಲ. “ಸೇಸಮ್ಮಕ್ಕ,” ಎಂದಳು, ಅವರನ್ನು ಅವಳು ಕರೆದದ್ದು ಅದೇ ಮೊದಲು. “ಅದು ನಾನು ಮಾಡಿದ್ದು. ನಿಮಗೇ ಮಾಡಿದ್ದು.”

“ಹೌದು,” ಎಂದರು ಸೇಸಮ್ಮ. “ನೀನೇ.”

ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಹುಡುಗಿ ಅಳುವುದನ್ನು ನೋಡುತ್ತಾ ನಿಂತರು. ಅವಳು ಮುಖ ಒರೆಸಿಕೊಂಡ ಮೇಲೆ ಗೋಣಿ ಎತ್ತಲು ಕೈಜೋಡಿಸಿದರು. “ಹೋಗುವ. ಕತ್ತಲೆಗೆ ಮೊದಲು ಹೊಳೆ ದಾಟಬೇಕು.”

ಈ ಸಲ ವಿಸ್ಮಿತಾ ಮುಂದೂ ಹೋಗಲಿಲ್ಲ, ಹಿಂದೂ ಉಳಿಯಲಿಲ್ಲ. ಸೇಸಮ್ಮನ ಎಡಕ್ಕೆ ಬಂದು ಮೊಣಕೈ ಹಿಡಿದಳು. “ಇಲ್ಲಿ ಬೇರು ಉಂಟು. ಇಲ್ಲಿ ಜಾರ್ತದೆ. ಈ ಕಲ್ಲು ಅಲ್ಲಾಡ್ತದೆ, ಅದರ ಮೇಲೆ ಕಾಲಿಡಬೇಡಿ, ಆಚೆಯದ್ದರ ಮೇಲೆ ಇಡಿ, ಅಯ್ಯೋ ಮುಳ್ಳು, ಬಗ್ಗಿ, ಬಗ್ಗಿ...” ಉಸಿರು ಬಿಡದೆ ಹೇಳುತ್ತಲೇ ಇದ್ದಳು.

ಹೊಳೆಯ ನಡುವೆ ಸೇಸಮ್ಮ ನಿಂತರು.

“ಸ್ವಲ್ಪ ಮೆಲ್ಲ ಮಾರಾಯ್ತಿ,” ಎಂದರು. “ಒಂದು ಕಣ್ಣು ಇನ್ನೂ ಉಂಟು ನನಗೆ.”