ಗಂಡು ಬಾಣಂತಿ

ಬೆನ್ನುನೋವಿಗೆ ಕಪ್ಪಿಂಗ್ ಚಿಕಿತ್ಸೆ ಮಾಡಿಸಿಕೊಂಡು ಬಂದ ಅಳಿಯನ ಬೆನ್ನ ಮೇಲೆ ಕೆಂಪು ಬಿಲ್ಲೆಗಳನ್ನು ಕಂಡಾಗಿನಿಂದ ಮಾವನ ಬಾಯಿಗೆ ಬಿಡುವಿರಲಿಲ್ಲ.

“ಬೆನ್ನಿಗೆ ಲೋಟ ಕಚ್ಚಿಸಿಕೊಂಡ್ರೆ ನೋವು ಹೋಗ್ತದಂತೆ. ಓದಿದವರೇ ಮೊದಲು ಮರುಳಾಗುದು.”

ಅಳಿಯ ತುರಿಕೆಯಾಗದಂತೆ ಕಲೆಗಳಿಗೆ ತೆಂಗಿನೆಣ್ಣೆ ಸವರಿ, ಗಾಳಿ ತಾಗದಂತೆ ಅಂಗಿ ತೊಟ್ಟ.

“ತಣ್ಣೀರು ಆಗುದಿಲ್ಲ, ಗಾಳಿ ಆಗುದಿಲ್ಲ. ಗಂಡು ಬಾಣಂತಿ ಮಾರಾಯ ನೀನು.”

ದೇವಸ್ಥಾನಕ್ಕೆ ಹೋಗುವಾಗಲೂ ಮಾವ ಕಾರಿನ ಸೀಟಿಗೆ ಒರಗದೆ ನೆಟ್ಟಗೆ ಕೂತು ಹಂಗಿಸುತ್ತಲೇ ಬಂದರು.

ಅಲ್ಲಿ ಗಂಡಸರು ಅಂಗಿ ಕಳಚಿಯೇ ಒಳಗೆ ಹೋಗಬೇಕು. ಮಾವ ಶಲ್ಯವನ್ನು ಬಿಗಿಯಾಗಿ ಹೊದ್ದುಕೊಂಡು, ಅಳಿಯನ ಬೆನ್ನನ್ನು ಭಟ್ಟರಿಗೆ ತೋರಿಸಿ ನಕ್ಕರು.

“ಶಲ್ಯ ಸೊಂಟಕ್ಕೆ ಕಟ್ಟಿಕೊಳ್ಳಿ,” ಎಂದರು ಭಟ್ಟರು.

ಬೇರೆ ದಾರಿಯಿರಲಿಲ್ಲ. ಮಾವನ ಬೆನ್ನಿನ ತುಂಬ ಅಂಥವೇ ಬಿಲ್ಲೆಗಳು, ಅವುಗಳ ಮೇಲೆ ಉಗುರಿನಿಂದ ಕೆರೆದ ಗೀರುಗಳು.

ಗಂಡು ಬಾಣಂತಿ ಮೆಲ್ಲಗೆ ಕೇಳಿದ, “ಎಣ್ಣೆ ಹಚ್ಚಲಿಲ್ವಾ ಮಾವ?”